ಶಿಫಾರಸು ಪತ್ರವೂ ಗುರುವಿನ ಸಾಕ್ಷಿಯೂ

ಸಮಾಜದ ಮನೆಗಳಲ್ಲಿ ಮಕ್ಕಳ ಮುಂದಿನ ವಿದ್ಯಾಭ್ಯಾಸದ ಮಾತು ಬಂದಾಗ ವೈದ್ಯಕೀಯ ಮತ್ತು ತಾಂತ್ರಿಕ ಶಿಕ್ಷಣಗಳ ಹೆಸರೇ ಮೊದಲು ಕೇಳಿಬರುವುದು ಬಹುಕಾಲದ ರೂಢಿ. ಈಚಿನ ವರ್ಷಗಳಲ್ಲಿ ಕಾನೂನು ಶಿಕ್ಷಣದತ್ತ, ಅದರಲ್ಲಿಯೂ ವಿದೇಶದ ಕಾನೂನು ಶಾಲೆಗಳಲ್ಲಿ ಉನ್ನತ ಪದವಿ ಪಡೆಯುವತ್ತ ನಮ್ಮ ಯುವಕ ಯುವತಿಯರ ಒಲವು ಹರಿಯುತ್ತಿರುವುದು ಸಂತೋಷದ ಸಂಗತಿ. ಈ ಹಾದಿಯಲ್ಲಿ ಮಕ್ಕಳಿಗೂ ಪಾಲಕರಿಗೂ ಎದುರಾಗುವ ಪ್ರಶ್ನೆಗಳು ಹಲವು. ಯಾವ ಶಾಲೆಯನ್ನು ಆರಿಸಬೇಕು? ಹಣವನ್ನು ಹೇಗೆ ಹೊಂದಿಸಬೇಕು? ಅರ್ಜಿಯೊಡನೆ ಕೇಳುವ ಶಿಫಾರಸು ಪತ್ರಗಳನ್ನು ಯಾರಿಂದ ಬರೆಸಬೇಕು? ಕೊನೆಯ ಪ್ರಶ್ನೆ ಮೇಲುನೋಟಕ್ಕೆ ಚಿಕ್ಕದು. ಆದರೆ ನಮ್ಮ ಮನೆಯಲ್ಲಿ ಅತ್ಯಂತ ಹೆಚ್ಚು ಚರ್ಚೆಗೆ, ಕೊಂಚ ಮನಸ್ತಾಪಕ್ಕೂ ಎಡೆಮಾಡಿದ್ದು ಅದೇ. 2024ರಲ್ಲಿ ನಮ್ಮ ಮಗಳು ಕಾನೂನಿನ ಸ್ನಾತಕೋತ್ತರ ಪದವಿಗಾಗಿ ವಿದೇಶದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಸಲ್ಲಿಸಿದಾಗ ನಾವು ದಂಪತಿಗಳು ಕಂಡದ್ದನ್ನೂ ತಿಳಿದುಕೊಂಡದ್ದನ್ನೂ ಸಮಾಜ ಬಾಂಧವರೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಕಾನೂನು ಕಲಿಯಲು ಊರು ಬಿಟ್ಟು ಹೋಗುವುದು ನಮ್ಮ ನಾಡಿಗೆ ಹೊಸತಲ್ಲ. ಎಸ್. ನಿಜಲಿಂಗಪ್ಪನವರು ಪುಣೆಗೆ ಹೋಗಿ 1926ರಲ್ಲಿ ಕಾನೂನು ಪದವಿ ಪಡೆದು ಬಂದು ಚಿತ್ರದುರ್ಗದಲ್ಲಿ ವಕೀಲಿ ಆರಂಭಿಸಿದರು. ಬಿ. ಡಿ. ಜತ್ತಿಯವರು ಕೊಲ್ಹಾಪುರದಲ್ಲಿ ಕಾನೂನು ಓದಿ ಜಮಖಂಡಿಯಲ್ಲಿ ವಕೀಲರಾದರು. 1939ರಲ್ಲಿ ಬೆಳಗಾವಿಯಲ್ಲಿ ಕಾನೂನು ಕಾಲೇಜು ತಲೆಯೆತ್ತಿದ ಮೇಲೆ ಉತ್ತರ ಕರ್ನಾಟಕದ ಮಕ್ಕಳಿಗೆ ಆ ವಿದ್ಯೆ ಹತ್ತಿರವಾಯಿತು. ವಂಟಮುರಿಯ ರಾಜಾ ಲಖಮಗೌಡರ ಹೆಸರನ್ನು ಇಂದಿಗೂ ಹೊತ್ತಿರುವ ಆ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಇ. ಎಸ್. ವೆಂಕಟರಾಮಯ್ಯನವರು 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದರು. 1988ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಮಾಧವ ಮೆನನ್ನರ ನೇತೃತ್ವದಲ್ಲಿ ಐದು ವರ್ಷದ ಪದವಿಯ ಮೊದಲ ತಂಡವನ್ನು ಸೇರಿಸಿಕೊಂಡಿತು. 2009ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಪುಣೆ, ಕೊಲ್ಹಾಪುರಗಳಿಗೆ ಹೋಗುತ್ತಿದ್ದ ಅಂದಿನ ತರುಣರಂತೆ ಇಂದಿನವರು ಲಂಡನ್ನಿಗೆ, ನ್ಯೂಯಾರ್ಕಿಗೆ ಹೊರಟಿದ್ದಾರೆ. ದೂರ ಹೆಚ್ಚಿದೆ, ವೆಚ್ಚ ಹೆಚ್ಚಿದೆ. ಆದ್ದರಿಂದ ವಿವೇಚನೆಯೂ ಹೆಚ್ಚಬೇಕಾಗಿದೆ.

ನಮ್ಮ ಮಗಳು ಓದಿದ್ದು ಜಿಲ್ಲಾ ಕೇಂದ್ರವೊಂದರ ಸಾಧಾರಣ ಕಾಲೇಜಿನಲ್ಲಿ. ಐದು ವರ್ಷದ ಪದವಿ ಮುಗಿಸಿ ಸನ್ನದು ಪಡೆದು ಎರಡು ವರ್ಷ ಹಿರಿಯ ವಕೀಲರೊಬ್ಬರ ಬಳಿ ಕಿರಿಯ ವಕೀಲಳಾಗಿ ದುಡಿದಳು. ನಮ್ಮ ಸೀಮೆಯ ಬದುಕನ್ನು ಆಲಮಟ್ಟಿಯ ಹಿನ್ನೀರು ಎಷ್ಟು ಬದಲಿಸಿತೆಂಬುದು ಬಾಗಲಕೋಟೆಯ ಕಡೆಯ ಓದುಗರಿಗೆ ಹೇಳಬೇಕಾಗಿಲ್ಲ. ಊರಿನ ಭಾಗಗಳು ಮುಳುಗಿ ನವನಗರ ಎದ್ದಿತು. ಹೊಲ ಕಳೆದುಕೊಂಡವರು ಪರಿಹಾರ ಸಾಲದೆಂದು 1894ರ ಭೂಸ್ವಾಧೀನ ಕಾಯಿದೆಯ 18ನೆಯ ಕಲಮಿನ ಅಡಿಯಲ್ಲಿ ನ್ಯಾಯಾಲಯಕ್ಕೆ ಅಲೆದರು. ಕಾಲೇಜಿನ ಕಾನೂನು ನೆರವು ಕೇಂದ್ರದಲ್ಲಿದ್ದಾಗ ಆಕೆ ಇಂಥ ಕುಟುಂಬಗಳ ಕಾಗದಪತ್ರಗಳನ್ನು ಓದಿ, ಪಟ್ಟಿ ಮಾಡಿ, ಅವರಿಗೆ ಅರ್ಥವಾಗುವ ಕನ್ನಡದಲ್ಲಿ ತಿಳಿಹೇಳುತ್ತಿದ್ದಳು. 2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾಯಿದೆ ಪುನರ್ವಸತಿಯನ್ನೂ ಕಾನೂನಿನೊಳಗೆ ತಂದಿತು. ಮುಳುಗಡೆಯಾದವರ ಹಕ್ಕನ್ನು ಬೇರೆ ದೇಶಗಳ ಕಾನೂನು ಹೇಗೆ ಕಾಣುತ್ತದೆ ಎಂಬುದನ್ನು ಅಭ್ಯಾಸ ಮಾಡಬೇಕೆಂಬ ಹಂಬಲ ಆಕೆಗೆ ಹುಟ್ಟಿದ್ದು ಹೀಗೆ.

ಶಾಲೆಯ ಆಯ್ಕೆಗೆ ಮುನ್ನ ಪದವಿಯ ಸ್ವರೂಪವನ್ನು ಅರಿಯುವುದು ಅವಶ್ಯ. ಅಮೆರಿಕದಲ್ಲಿ ವಕೀಲಿಗೆ ಬೇಕಾದ ಮೂಲ ಪದವಿ ಜೆ.ಡಿ. ಎಂಬುದು. ಯಾವುದಾದರೂ ಪದವಿಯ ನಂತರ ಮೂರು ವರ್ಷ ಓದಬೇಕಾದ ಅದಕ್ಕೆ ಬಹುಮಟ್ಟಿಗೆ ಎಲ್‌ಸ್ಯಾಟ್ ಎಂಬ ಪ್ರವೇಶ ಪರೀಕ್ಷೆಯ ಅಂಕಗಳನ್ನು ಕೇಳುತ್ತಾರೆ. ಇಲ್ಲಿ ಈಗಾಗಲೇ ಕಾನೂನು ಪದವಿ ಪಡೆದವರು ಸಾಮಾನ್ಯವಾಗಿ ಹೋಗುವುದು ಒಂದು ವರ್ಷದ ಎಲ್‌ಎಲ್.ಎಂ. ಪದವಿಗೆ. ಭಾರತದಲ್ಲಿ ವಕೀಲರಾಗಲು ವಿದೇಶದ ಪದವಿ ಬೇಕಾಗಿಲ್ಲ. ಇಲ್ಲಿಯ ಮಾನ್ಯ ಪದವಿ, ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಹಾಗೂ ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ಉತ್ತೀರ್ಣತೆ ಇವು ಸಾಕು. ಇಲ್ಲಿಯೇ ಒಂದು ವರ್ಷದ ಎಲ್‌ಎಲ್.ಎಂ. ಓದಲು 2013ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಅವಕಾಶ ಕಲ್ಪಿಸಿತು. ಅದರ ವೆಚ್ಚ ವಿದೇಶದ ವೆಚ್ಚಕ್ಕೆ ಹೋಲಿಸಿದರೆ ಅಲ್ಪ. ಮುಂದೆ ಇಲ್ಲಿ ಅಧ್ಯಾಪಕರಾಗಬೇಕೆನ್ನುವವರು ಇನ್ನೊಂದು ಎಚ್ಚರಿಕೆ ವಹಿಸಬೇಕು. ಒಂದು ವರ್ಷದ ಪದವಿಯ ಮಾನ್ಯತೆಯ ಬಗ್ಗೆ ಭಾರತೀಯ ವಕೀಲರ ಪರಿಷತ್ತು 2021ರ ಜನವರಿಯಲ್ಲಿ ಪ್ರಕಟಿಸಿದ ನಿಯಮಗಳು ಸುಪ್ರೀಂ ಕೋರ್ಟಿನವರೆಗೆ ಹೋದವು. ಆದ್ದರಿಂದ ಅರ್ಜಿಗೆ ಮೊದಲೇ ಆ ಸಮಯದ ಸ್ಥಿತಿಯನ್ನು ವಿಚಾರಿಸಿಕೊಳ್ಳುವುದು ಕ್ಷೇಮ. ಇಷ್ಟನ್ನೆಲ್ಲ ತಿಳಿದ ಮೇಲೂ "ಹೊರಗೆ ಯಾಕೆ ಹೋಗಬೇಕು?" ಎಂಬ ಪ್ರಶ್ನೆಗೆ ಸಮಾಧಾನಕರ ಉತ್ತರ ಇರುವವರು ಮಾತ್ರ ಹೋಗುವುದು ಒಳಿತು.

ಶಾಲೆಗಳ ಪಟ್ಟಿ ಮಾಡುವಾಗ ನಮ್ಮ ಬಂಧುಗಳೊಬ್ಬರು ಜಗತ್ತಿನ ಶ್ರೇಯಾಂಕದ ಪಟ್ಟಿಯೊಂದನ್ನು ತಂದುಕೊಟ್ಟು ಮೇಲಿನ ಹತ್ತಕ್ಕೂ ಅರ್ಜಿ ಹಾಕೆಂದರು. ಆಕೆ ಆ ಪಟ್ಟಿಯನ್ನು ಪಕ್ಕಕ್ಕಿಟ್ಟು ಪ್ರತಿಯೊಂದು ಶಾಲೆಯಲ್ಲಿ ತನ್ನ ವಿಷಯವನ್ನು ಬೋಧಿಸುವವರು ಯಾರು, ಅವರು ಬರೆದದ್ದೇನು, ಬರುವ ವರ್ಷ ಅವರು ಪಾಠ ಮಾಡುವರೋ ರಜೆಯ ಮೇಲಿರುವರೋ ಎಂದು ನೋಡತೊಡಗಿದಳು. ಶಾಲೆ ಶಾಲೆಗೂ ಸ್ವಭಾವ ಬೇರೆ. ಯೇಲ್ ವಿಶ್ವವಿದ್ಯಾಲಯದ ಎಲ್‌ಎಲ್.ಎಂ. ತರಗತಿ ಬಹು ಚಿಕ್ಕದು, ಮುಖ್ಯವಾಗಿ ಮುಂದೆ ಕಾನೂನು ಬೋಧಿಸುವವರಿಗಾಗಿ ಇರುವಂಥದು. ಹಾರ್ವರ್ಡಿನಲ್ಲಿ ಸುಮಾರು 180 ಮಂದಿ ಕಲಿಯುತ್ತಾರೆ. ಕೇಂಬ್ರಿಜ್ಜಿನ ಎಲ್‌ಎಲ್.ಎಂ. ಒಂಬತ್ತು ತಿಂಗಳಲ್ಲಿ ಮುಗಿಯುತ್ತದೆ. ಆಕ್ಸ್‌ಫರ್ಡಿನ ಬಿ.ಸಿ.ಎಲ್. ಹೆಸರಿನಲ್ಲಿ ಬ್ಯಾಚಲರ್ ಎಂದಿದ್ದರೂ ಅದು ಸ್ನಾತಕೋತ್ತರ ಪದವಿ. ಹೆಣ್ಣುಮಕ್ಕಳ ಪಾಲಕರು ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ಬಾಲ್ಯದ ಕೆಲವು ವರ್ಷಗಳನ್ನು ನಮ್ಮ ಬೆಳಗಾವಿಯಲ್ಲಿ ಕಳೆದ ಕಾರ್ನೇಲಿಯಾ ಸೊರಾಬ್ಜಿ 1892ರಲ್ಲಿಯೇ ಆ ಬಿ.ಸಿ.ಎಲ್. ಪರೀಕ್ಷೆಗೆ ಕುಳಿತ ಮೊದಲ ಮಹಿಳೆ. ಹೆಣ್ಣುಮಕ್ಕಳಿಗೆ ಪದವಿ ಕೊಡುವ ಪದ್ಧತಿ ಅಂದು ಅಲ್ಲಿ ಇಲ್ಲದ್ದರಿಂದ ಆಕೆಯ ಕೈಗೆ ಪದವಿ ಬಂದದ್ದು 1922ರಲ್ಲಿ. ಮೂವತ್ತು ವರ್ಷ ಕಾಯಬೇಕಾಯಿತು. ನಮ್ಮ ಮಕ್ಕಳು ಹಾಗೆ ಕಾಯಬೇಕಾಗಿಲ್ಲ.

ಹಣದ ಮಾತನ್ನು ಮುಚ್ಚುಮರೆಯಿಲ್ಲದೆ ಆಡಬೇಕು. ಅಮೆರಿಕದ ಹೆಸರಾಂತ ಶಾಲೆಗಳಲ್ಲಿ ಒಂದು ವರ್ಷದ ಬೋಧನಾ ಶುಲ್ಕವೇ 70 ಸಾವಿರ ಡಾಲರಿಗೂ ಮೇಲು. ಊಟ, ವಸತಿ, ವಿಮೆ, ಪ್ರಯಾಣ ಸೇರಿದರೆ ಮಧ್ಯಮ ವರ್ಗದ ಕುಟುಂಬ ಒಂದು ಜೀವಮಾನದಲ್ಲಿ ಕೂಡಿಡುವ ಹಣವೂ ಸಾಲದು. ಆಕ್ಸ್‌ಫರ್ಡಿಗೆ ರೋಡ್ಸ್ ವಿದ್ಯಾರ್ಥಿ ವೇತನವಿದೆ. ಎರಡು ವರ್ಷ ದುಡಿದ ಅನುಭವವುಳ್ಳವರಿಗೆ ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವೇತನವಿದೆ, ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶಕ್ಕೆ ಮರಳಿರಬೇಕೆಂಬ ಕಟ್ಟಳೆ ಅದಕ್ಕುಂಟು. 1892ರಲ್ಲಿ ಆರಂಭವಾದ ಜೆ. ಎನ್. ಟಾಟಾ ದತ್ತಿ ಸಾಲದ ರೂಪದಲ್ಲಿ ನೆರವಾಗುತ್ತದೆ. ನಮ್ಮ ಸಮಾಜದಲ್ಲಿಯೂ 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನೆಲ್ಲ ಮಕ್ಕಳ ವಿದ್ಯೆಗಾಗಿ ಬರೆದಿಟ್ಟು ಹೋದ ಮೇಲ್ಪಂಕ್ತಿ ಇದೆ. ನಾವು ಮಗಳ ಎದುರಿನಲ್ಲಿಯೇ ಲೆಕ್ಕ ಹಾಕಿ, ಮನೆಯ ಪತ್ರವನ್ನು ಬ್ಯಾಂಕಿನಲ್ಲಿ ಇಡಬಹುದು, ಆದರೆ ಹೊಲ ಮಾರುವುದಿಲ್ಲ ಎಂದು ಗೆರೆ ಎಳೆದೆವು. ಆ ಗೆರೆಯೊಳಗೆ ಆಕೆ ನಾಲ್ಕು ಶಾಲೆಗಳನ್ನು ಆರಿಸಿಕೊಂಡಳು. ಮೂರು ಇಂಗ್ಲೆಂಡಿನವು, ಒಂದು ಅಮೆರಿಕದ್ದು.

ಇನ್ನು ಶಿಫಾರಸು ಪತ್ರಗಳ ವಿಷಯ. ಕೇಂಬ್ರಿಜ್ಜಿನಂತಹ ಕಡೆ ಎರಡು ಪತ್ರ, ಆಕ್ಸ್‌ಫರ್ಡಿನಲ್ಲಿ ಮೂರು. ಅವು ಬಹುಮಟ್ಟಿಗೆ ಪಾಠ ಹೇಳಿದ ಗುರುಗಳಿಂದಲೇ ಬರಬೇಕೆಂಬ ಅಪೇಕ್ಷೆ. ವಿದ್ಯಾರ್ಥಿ ತನ್ನ ಅರ್ಜಿಯಲ್ಲಿ ಬರೆಯುವವರ ಹೆಸರು, ಇ-ಮೇಲ್ ವಿಳಾಸ ಕೊಡುತ್ತಾನೆ. ವಿಶ್ವವಿದ್ಯಾಲಯ ಅವರಿಗೆ ನೇರವಾಗಿ ಒಂದು ಕೊಂಡಿ ಕಳುಹಿಸುತ್ತದೆ. ಪತ್ರ ಅವರಿಂದ ಅಲ್ಲಿಗೆ ಹೋಗುತ್ತದೆಯೇ ಹೊರತು ವಿದ್ಯಾರ್ಥಿಯ ಕೈಗೆ ಬರುವುದಿಲ್ಲ. ಅಮೆರಿಕದ ಅನೇಕ ಕಾನೂನು ಶಾಲೆಗಳಿಗಾಗಿ ಪ್ರವೇಶ ಮಂಡಳಿಯೊಂದು ಈ ಪತ್ರಗಳನ್ನೂ ಅಂಕಪಟ್ಟಿಗಳನ್ನೂ ಒಂದೆಡೆ ಸಂಗ್ರಹಿಸಿ ಶಾಲೆಗಳಿಗೆ ಕಳುಹಿಸುತ್ತದೆ. ಅಲ್ಲಿಯ 1974ರ ಕಾಯಿದೆಯಂತೆ ಶಾಲೆಗೆ ಸೇರಿದ ವಿದ್ಯಾರ್ಥಿಗೆ ತನ್ನ ದಾಖಲೆಗಳನ್ನು ನೋಡುವ ಹಕ್ಕುಂಟು. ಆದರೆ ಪತ್ರವನ್ನು ನೋಡುವ ಹಕ್ಕನ್ನು ಬಿಟ್ಟುಕೊಡುವೆಯಾ ಎಂದು ಅರ್ಜಿಯಲ್ಲಿಯೇ ಕೇಳುತ್ತಾರೆ. ಬಿಟ್ಟುಕೊಡುವುದು ರೂಢಿ. ಬರೆಯುವವರು ಸಂಕೋಚವಿಲ್ಲದೆ ನಿಜವನ್ನು ಬರೆಯಲೆಂಬುದು ಇದರ ಆಶಯ.

ಈ ವಿವರವನ್ನೆಲ್ಲ ಕೇಳಿದ ಮೇಲೂ ನಮ್ಮ ಬಂಧುವರ್ಗ ಅದನ್ನು ತನ್ನದೇ ರೀತಿಯಲ್ಲಿ ಅರ್ಥಮಾಡಿಕೊಂಡಿತು. ಮಗಳ ಸೋದರಮಾವ ಬಂದವರೇ, "ಪತ್ರದ ಚಿಂತಿ ಬಿಡ್ರಿ. ಮಂತ್ರಿಗಳು ನಮ್ಮವರ ಇದ್ದಾರ. ನಿವೃತ್ತ ನ್ಯಾಯಮೂರ್ತಿಗಳೊಬ್ಬರ ಪರಿಚಯನೂ ಐತಿ. ಎರಡು ಪತ್ರ ನಾಳೆನ ತರ್ತೀನಿ" ಎಂದರು. ಅವರ ಮಾತಿನಲ್ಲಿದ್ದುದು ಶುದ್ಧ ಅಂತಃಕರಣ. ಸೋದರಸೊಸೆಗಾಗಿ ಬೆಂಗಳೂರಿನವರೆಗೆ ಅಲೆಯಲು ಸಿದ್ಧರಾಗಿದ್ದರು. ಮಗಳು ಅವರಿಗೆ ನೀರು ತಂದುಕೊಟ್ಟು ಮೆಲ್ಲಗೆ ಹೇಳಿದಳು: "ಮಾವಾ, ಅವರು ದೊಡ್ಡವರು ಖರೆ. ಆದರ ಅವರು ನನ್ನ ಕೆಲಸ ನೋಡಿಲ್ಲ. ನೋಡದವರ ಸಾಕ್ಷಿ ಯಾವ ಕೋರ್ಟಿನ್ಯಾಗೂ ನಡೆಯಂಗಿಲ್ಲ." ಮಾವನವರಿಗೆ ಬೇಸರವಾಯಿತು. ಇದ್ದ ವಶೀಲಿಯನ್ನು ಬಳಸಿಕೊಳ್ಳದವರನ್ನು ಜಗತ್ತು ಬುದ್ಧಿವಂತರೆನ್ನುವುದಿಲ್ಲ ಎಂದು ನಮಗೂ ನಾಲ್ಕು ಮಾತು ಹೇಳಿ ಹೋದರು.

ಅವರನ್ನು ತಪ್ಪೆನ್ನಲು ನಮಗೆ ಮನಸ್ಸಿಲ್ಲ. ನಮ್ಮಲ್ಲಿ ಶಿಫಾರಸು ಎಂಬ ಪದಕ್ಕೆ ಬಂದಿರುವ ಅರ್ಥವೇ ಅಂಥದು. ಕಾಲೇಜಿನ ಸೀಟಿಗೆ, ವರ್ಗಾವಣೆಗೆ, ಸಾಲದ ಮಂಜೂರಿಗೆ ಬಲವುಳ್ಳವರ ಚೀಟಿ ತರುವುದನ್ನು ಎರಡು ಮೂರು ತಲೆಮಾರುಗಳಿಂದ ಕಂಡವರು ನಾವು. ಅಂಥ ಚೀಟಿಯಲ್ಲಿ ಮುಖ್ಯವಾದುದು ಬರೆದವರ ಹೆಸರು, ತಂದವನ ಯೋಗ್ಯತೆ ಅಲ್ಲ. ಆದರೆ ನಮ್ಮ ಪರಂಪರೆಯಲ್ಲಿ ಇನ್ನೊಂದು ಬಗೆಯ ಪತ್ರವೂ ಇತ್ತೆಂಬುದನ್ನು ಮರೆಯಬಾರದು. ಮಠಗಳ ಉಚಿತ ಪ್ರಸಾದ ನಿಲಯಗಳಲ್ಲಿ ಬೆಳೆದ ಬಡ ಹುಡುಗನೊಬ್ಬ ಮುಂದಿನ ಓದಿಗೆ ಹೊರಟಾಗ ಪೂಜ್ಯರು ಕೊಡುತ್ತಿದ್ದ ಪತ್ರಕ್ಕೆ ಬೆಲೆಯಿತ್ತು. ಏಕೆಂದರೆ ಅವನು ನಸುಕಿನಲ್ಲಿ ಏಳುವುದನ್ನು, ಪಂಕ್ತಿಯಲ್ಲಿ ಬಡಿಸುವುದನ್ನು, ದೀಪದ ಮುಂದೆ ಓದುವುದನ್ನು ಅವರು ಕಣ್ಣಾರೆ ಕಂಡಿದ್ದರು. ಇಂದಿಗೂ ನಡತೆಯ ಬಗ್ಗೆ ಕೇಳುವ ವಿದ್ಯಾರ್ಥಿ ವೇತನದ ಅರ್ಜಿಗೆ ಅಂಥ ಪತ್ರ ತಕ್ಕುದೇ. ಆಳುವವರ ಪತ್ರ, ಮಠದ ಪತ್ರ ಎಂಬ ಭೇದಕ್ಕಿಂತ ಕಂಡವರ ಪತ್ರ, ಕಾಣದವರ ಪತ್ರ ಎಂಬ ಭೇದವೇ ದೊಡ್ಡದು.

ಡಾ. ಅಂಬೇಡ್ಕರ್ ಅವರ ಜೀವನದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವಿದೆ. 1913ರಲ್ಲಿ ಅವರನ್ನು ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಕಳುಹಿಸಿದ್ದು ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿ ವೇತನ. ಅಲ್ಲಿಂದ 1916ರಲ್ಲಿ ಅವರು ಲಂಡನ್ನಿಗೆ ಹೊರಟಾಗ ಅಲ್ಲಿಯ ವಿದ್ವಾಂಸರಿಗೆ ಅವರನ್ನು ಪರಿಚಯಿಸಿ ಪತ್ರ ಬರೆದವರು ಅವರಿಗೆ ಅರ್ಥಶಾಸ್ತ್ರ ಕಲಿಸಿದ ಪ್ರಾಧ್ಯಾಪಕ ಸೆಲಿಗ್ಮನ್. ಹಣ ಅರಸರಿಂದ ಬಂದಿತು, ಸಾಕ್ಷಿ ಗುರುವಿನಿಂದ ಬಂದಿತು. ಮುಂದೆ ಅವರು ಲಂಡನ್ನಿನಲ್ಲಿ ಬ್ಯಾರಿಸ್ಟರರೂ ಆದರು, ನಮ್ಮ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರೂ ಆದರು. ಅರಸರ ನೆರವನ್ನು ಕೃತಜ್ಞತೆಯಿಂದ ಸ್ವೀಕರಿಸಬಹುದು. ಆದರೆ ವಿದ್ಯೆಯ ಅಳತೆಯನ್ನು ವಿದ್ಯೆ ಕಲಿಸಿದವರೇ ಹೇಳಬೇಕು.

ಹಾಗೆಂದು ಗುರುಗಳಿಂದ ಪತ್ರ ಪಡೆಯುವುದು ಸುಲಭವೆಂದು ಭಾವಿಸಬಾರದು. ಮಗಳು ಮೊದಲು ಹೋದದ್ದು ತನಗೆ ಪಾಠ ಹೇಳಿದ, ಹೆಸರೂ ಪದವಿಯೂ ದೊಡ್ಡದಾಗಿದ್ದ ಪ್ರಾಧ್ಯಾಪಕರೊಬ್ಬರ ಬಳಿಗೆ. ಅವರು ಸೌಜನ್ಯದಿಂದಲೇ, "ನೀನೇ ಬರೆದುಕೊಂಡು ಬಾರಮ್ಮ, ನಾನು ಸಹಿ ಮಾಡುತ್ತೇನೆ" ಎಂದರು. ನಮ್ಮ ದೇಶದಲ್ಲಿ ಇದು ಎಷ್ಟು ಸಾಮಾನ್ಯವೆಂಬುದು ಮಕ್ಕಳನ್ನು ಹೊರಗೆ ಕಳುಹಿಸಿದ ಮನೆಯವರಿಗೆಲ್ಲ ಗೊತ್ತು. ನೂರಾರು ವಿದ್ಯಾರ್ಥಿಗಳ ಉತ್ತರ ಪತ್ರಿಕೆ, ಆಡಳಿತದ ಹೊರೆ, ಇಂಥ ಪತ್ರ ಬರೆಯುವ ರೂಢಿ ಇಲ್ಲದಿರುವುದು ಹೀಗೆ ಕಾರಣಗಳೂ ಹಲವು. ಆ ರಾತ್ರಿ ಆಕೆ ಕಾಗದ ಮುಂದಿಟ್ಟುಕೊಂಡು ಕುಳಿತಳು. ತನ್ನನ್ನು ತಾನೇ "ಈ ವಿದ್ಯಾರ್ಥಿನಿ ಅಪ್ರತಿಮ ಪ್ರತಿಭಾವಂತೆ" ಎಂದು ಬರೆಯಬೇಕಾಗಿ ಬಂದಾಗ ಕೈ ಮುಂದೆ ಸಾಗಲಿಲ್ಲ. ಬೆಳಿಗ್ಗೆ ನಮ್ಮೆದುರು ಬಂದು, "ಅಪ್ಪಾ, ಸಾಕ್ಷಿ ಹೇಳುವವರ ಬಾಯಿಗೆ ಮಾತು ತುರುಕುವುದು ತಪ್ಪೆಂದು ನಾಲ್ಕು ವರ್ಷ ಓದಿದ್ದೇನೆ. ವಕೀಲಿಯ ದೊಡ್ಡ ಓದಿಗೆ ಸುಳ್ಳು ಸಾಕ್ಷಿಯಿಂದಲೇ ಶುರು ಮಾಡಲೇ?" ಎಂದಳು. ಅವಳ ತಾಯಿ ಕೂಡಲೇ, "ಬೇಡವ್ವಾ. ಸೀಟು ಹೋದರ ಹೋಗಲಿ" ಎಂದರು. ಮನೆಯಲ್ಲಿ ಆ ಪ್ರಶ್ನೆಗೆ ಅಲ್ಲಿಗೆ ಮುಕ್ತಾಯವಾಯಿತು.

ಆಕೆಯ ಮಾತಿನಲ್ಲಿ ಕಾನೂನಿನ ಮೂಲತತ್ವವೊಂದಿದೆ. ಮೌಖಿಕ ಸಾಕ್ಷ್ಯ ನೇರವಾಗಿರಬೇಕು, ಕಂಡ ಸಂಗತಿಯನ್ನು ಕಂಡವನೇ ಹೇಳಬೇಕು, ಕೇಳಿದ್ದನ್ನು ಕೇಳಿದವನೇ ಹೇಳಬೇಕು ಎಂದು 1872ರ ಸಾಕ್ಷ್ಯ ಅಧಿನಿಯಮದ 60ನೆಯ ಕಲಮು ವಿಧಿಸಿತ್ತು. 2024ರ ಜುಲೈ 1ರಿಂದ ಆ ಅಧಿನಿಯಮದ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿದೆ. ಹೆಸರು ಬದಲಾದರೂ ಆ ನಿಯಮ ಉಳಿದಿದೆ. ನಡೆಯೂ ನುಡಿಯೂ ಒಂದಾಗಿರಬೇಕೆಂದು ಬಸವಾದಿ ಶರಣರು ಎಂಟು ಶತಮಾನಗಳ ಹಿಂದೆಯೇ ಸಾರಿದರು. ಆ ಬೋಧೆಯನ್ನು ಪೂಜೆಯ ಕೋಣೆಯಲ್ಲಿ ಕೇಳಿ, ಅರ್ಜಿಯ ಕಾಗದದಲ್ಲಿ ಮರೆತರೆ ಅದು ನಮ್ಮ ಬದುಕಿಗೆ ಇಳಿದಂತಾಗಲಿಲ್ಲ.

ಆಕೆ ಆ ಪ್ರಾಧ್ಯಾಪಕರ ಬಳಿಗೆ ಮರಳಿ ಹೋಗಿ, ತಾನು ಮಾಡಿದ ಕೆಲಸಗಳ ವಿವರವನ್ನು ಎರಡು ಪುಟಗಳಲ್ಲಿ ಬರೆದುಕೊಟ್ಟು, ತಮಗೆ ತೋಚಿದ್ದನ್ನು ತಾವೇ ಬರೆಯಬೇಕೆಂದು ವಿನಂತಿಸಿದಳು. ಅವರು ಅದಕ್ಕೆ ಸಮಯವಿಲ್ಲವೆಂದರು. ಕೊನೆಯ ದಿನಕ್ಕೆ ಮೂರು ವಾರ ಮಾತ್ರ ಉಳಿದಿತ್ತು. ಪಟ್ಟಿಯಲ್ಲಿದ್ದ ಅತಿ ದೊಡ್ಡ ಹೆಸರು ಹೀಗೆ ಕೈಬಿಟ್ಟುಹೋಯಿತು.

ಆಗ ಆಕೆಗೆ ನೆನಪಾದವರು ಕಾನೂನು ನೆರವು ಕೇಂದ್ರವನ್ನು ನೋಡಿಕೊಳ್ಳುತ್ತಿದ್ದ ಅತಿಥಿ ಉಪನ್ಯಾಸಕರು. ಮುಳುಗಡೆಯ ಹಳ್ಳಿಗಳಿಗೆ ಬಸ್ಸಿನಲ್ಲಿ ವಿದ್ಯಾರ್ಥಿಗಳನ್ನು ಕರೆದೊಯ್ದವರು, ಆಕೆ ಬರೆದ ಟಿಪ್ಪಣಿಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿದವರು ಅವರೇ. ಕೇಳಿದಾಗ ಅವರೇ ಹಿಂಜರಿದರು. "ನನಗೆ ಕಾಯಂ ಹುದ್ದೆಯೂ ಇಲ್ಲ, ಪಿಎಚ್.ಡಿ.ಯೂ ಇಲ್ಲ. ನನ್ನ ಪತ್ರದಿಂದ ನಿನಗೆ ಹಾನಿಯಾದೀತು ತಂಗಿ" ಎಂದರು. "ಸರ್, ನಾನು ಏನು ಮಾಡಿದೆ ಎಂಬುದು ನಿಮಗಿಂತ ಹೆಚ್ಚು ಯಾರಿಗೂ ಗೊತ್ತಿಲ್ಲ" ಎಂದು ಆಕೆ ಪಟ್ಟು ಹಿಡಿದಳು. ಅವರು ಒಪ್ಪಿದರು. ಒಪ್ಪಿದ ಮೇಲೆ ಅವರು ಪಟ್ಟ ಶ್ರಮವನ್ನು ನೆನೆದರೆ ಇಂದಿಗೂ ಮನಸ್ಸು ತುಂಬಿ ಬರುತ್ತದೆ. ಹಳೆಯ ಕಡತಗಳನ್ನು ತೆಗೆಸಿ ನೋಡಿದರು. ಎರಡು ಭಾನುವಾರ ಆಕೆಯನ್ನು ಕೂರಿಸಿಕೊಂಡು, ಏನು ಓದಬೇಕೆಂದಿರುವೆ, ಏಕೆ ಓದಬೇಕು ಎಂದು ಪಾಟೀಸವಾಲು ಮಾಡಿದರು. ವಿಶ್ವವಿದ್ಯಾಲಯಗಳು ಬರೆಯುವವರ ಸಂಸ್ಥೆಯ ಇ-ಮೇಲ್ ವಿಳಾಸವನ್ನೇ ಅಪೇಕ್ಷಿಸುತ್ತವೆ. ಅತಿಥಿ ಉಪನ್ಯಾಸಕರಿಗೆ ಅಂಥ ವಿಳಾಸವೇ ಇರಲಿಲ್ಲ. ಪ್ರಾಂಶುಪಾಲರು ವಿಷಯ ತಿಳಿದು ಒಂದೇ ದಿನದಲ್ಲಿ ಅದನ್ನು ಮಾಡಿಸಿಕೊಟ್ಟರು. ಎರಡನೆಯ ಪತ್ರವನ್ನು ಸಂವಿಧಾನದ ಪಾಠ ಹೇಳಿದ ಅಧ್ಯಾಪಕಿಯೊಬ್ಬರು, ಮೂರನೆಯದನ್ನು ಆಕೆ ಕೆಲಸ ಮಾಡುತ್ತಿದ್ದ ಹಿರಿಯ ವಕೀಲರು ಬರೆದರು. ಅತಿಥಿ ಉಪನ್ಯಾಸಕರ ಪತ್ರ ಕೊನೆಯ ದಿನದ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಸೇರಿತು.

ಆ ಪತ್ರಗಳಲ್ಲಿ ಏನಿತ್ತೆಂಬುದನ್ನು ನಾವು ಇಂದಿಗೂ ಅರಿಯೆವು. ಮನೆಗೆ ಬಂದವರು, "ಏನು ಬರೆದಿದ್ದಾರೋ ನೋಡಬೇಕಿತ್ತು, ಇಷ್ಟು ದುಡ್ಡಿನ ಪ್ರಶ್ನೆ" ಎಂದದ್ದುಂಟು. ನೋಡುವ ಹಕ್ಕನ್ನು ಮಗಳು ಬಿಟ್ಟುಕೊಟ್ಟಿದ್ದಳು. ನಾವೂ ಗುರುಗಳನ್ನು ಕೇಳಲಿಲ್ಲ. ಐದು ವರ್ಷ ಮಗಳನ್ನು ಯಾರ ಕೈಗೆ ಒಪ್ಪಿಸಿದ್ದೆವೋ ಅವರ ಒಂದು ಪುಟದ ಬರಹವನ್ನು ಅನುಮಾನಿಸುವುದು ಸಲ್ಲದೆಂದು ನಮಗೆ ತೋರಿತು. ಗುರುವಿನಲ್ಲಿ ವಿಶ್ವಾಸ ಎಂಬ ಮಾತನ್ನು ನಾವು ಹಲವು ಬಾರಿ ಆಡಿದ್ದೇವೆ. ಅದಕ್ಕೆ ಬೆಲೆ ತೆರುವ ಪ್ರಸಂಗ ಬಂದದ್ದು ಆಗಲೇ.

ಫಲಿತಾಂಶವನ್ನೂ ಇದ್ದಂತೆ ಹೇಳುತ್ತೇವೆ. ಎರಡು ಶಾಲೆಗಳು ಇಲ್ಲವೆಂದವು. ಅವುಗಳಲ್ಲಿ ಒಂದು ಆಕೆ ಬಹುವಾಗಿ ಆಸೆಪಟ್ಟಿದ್ದ ಶಾಲೆ. ದೊಡ್ಡವರ ಪತ್ರ ತರಿಸಿದ್ದರೆ ಸಿಗುತ್ತಿತ್ತೆಂದು ಬಂಧುಗಳಲ್ಲಿ ಕೆಲವರು ಇಂದಿಗೂ ನಂಬಿದ್ದಾರೆ. ಅಮೆರಿಕದ ಶಾಲೆ ಸ್ಥಾನ ನೀಡಿತು, ಶುಲ್ಕದಲ್ಲಿ ರಿಯಾಯಿತಿ ನೀಡಲಿಲ್ಲ. ಅಷ್ಟೇನೂ ದೊಡ್ಡ ಹೆಸರಿಲ್ಲದ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯ ಶುಲ್ಕದ ಅರ್ಧದಷ್ಟನ್ನು ಮಾಫಿ ಮಾಡಿ ಕರೆಯಿತು. ನಿರ್ವಸಿತರ ಹಕ್ಕುಗಳ ಬಗ್ಗೆ ಕೆಲಸ ಮಾಡಿದ ಅಧ್ಯಾಪಕರು ಅಲ್ಲಿಯೇ ಇದ್ದರು. ಸಾಲ ನಾವು ಎಳೆದ ಗೆರೆಯೊಳಗೆ ನಿಂತಿತು. ಆಕೆ ಅದನ್ನೇ ಆರಿಸಿಕೊಂಡು 2025ರ ಸೆಪ್ಟೆಂಬರಿನಲ್ಲಿ ಹೊರಟಳು. ಬೀಳ್ಕೊಡಲು ಬಂದ ಸೋದರಮಾವ, "ಯಾರ ಹಂಗೂ ಇಲ್ಲದ ಹೊಂಟೀದಿ, ಚಲೋ ಆತು" ಎಂದು ಆಕೆಯ ಕೈಗೆ ದಾರಿಖರ್ಚಿನ ಹಣವಿಟ್ಟರು. ಆ ಮಾತಿನಿಂದ ನಮ್ಮ ಮನಸ್ಸು ಹಗುರಾಯಿತು.

ಈ ಹಾದಿಗೆ ಹೊರಟಿರುವ ಮಕ್ಕಳಿಗೆ ಕೆಲವು ಮಾತು. ಪತ್ರ ಬರೆಯುವವರನ್ನು ಕೊನೆಯ ವಾರದಲ್ಲಿ ಹುಡುಕಬೇಡಿ. ಎರಡು ತಿಂಗಳು ಮುಂಚೆ ಭೇಟಿಯಾಗಿ, "ನನ್ನ ಬಗ್ಗೆ ಒಳ್ಳೆಯ ಪತ್ರ ಬರೆಯುವಷ್ಟು ನನ್ನನ್ನು ತಾವು ಬಲ್ಲಿರಾ?" ಎಂದು ನೇರವಾಗಿ ಕೇಳಿ. ಅವರು ಹಿಂಜರಿದರೆ ಒತ್ತಾಯ ಬೇಡ. ಒಪ್ಪಿದರೆ ಅಂಕಪಟ್ಟಿ, ಬರೆದ ಪ್ರಬಂಧ, ಅರ್ಜಿಯ ಉದ್ದೇಶ ಪತ್ರ, ಶಾಲೆಗಳ ಹೆಸರು ಹಾಗೂ ಕೊನೆಯ ದಿನಾಂಕಗಳನ್ನು ಒಂದೇ ಕಡತದಲ್ಲಿ ಒಪ್ಪಿಸಿ. ಸಂಗತಿಗಳನ್ನು ನೆನಪಿಸುವುದು ನಿಮ್ಮ ಕರ್ತವ್ಯ, ತೀರ್ಪು ಬರೆಯುವುದು ಅವರದು. ಉತ್ತರ ಇಲ್ಲವೆಂದು ಬಂದರೂ ಗುರುಗಳಿಗೆ ತಿಳಿಸಿ ಕೃತಜ್ಞತೆ ಹೇಳಿ. ಇದಕ್ಕೆಲ್ಲ ಮೊದಲು, ತರಗತಿಯ ಹಿಂದಿನ ಬೆಂಚಿನಲ್ಲಿ ಐದು ವರ್ಷ ಯಾರ ಕಣ್ಣಿಗೂ ಬೀಳದೆ ಕಳೆದವರಿಗೆ ಯಾರೂ ಸಾಕ್ಷಿ ಹೇಳಲಾರರು. ಪತ್ರದ ಸಿದ್ಧತೆ ಮೊದಲ ವರ್ಷದಲ್ಲಿಯೇ ಆರಂಭವಾಗುತ್ತದೆ.

ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೆ. ಮಕ್ಕಳ ಪರವಾಗಿ ದೊಡ್ಡವರ ಬಾಗಿಲಿಗೆ ಹೋಗುವ ಮೊದಲು ಅವರಿಗೆ ಕಲಿಸಿದವರ ಬಾಗಿಲು ಎಲ್ಲಿದೆ ಎಂದು ಕೇಳಿ. ಹಣದ ಮಿತಿಯನ್ನು ಅವರಿಗೆ ಮೊದಲೇ ತಿಳಿಸಿ, ಆ ಮಿತಿಯಲ್ಲಿ ಆಯ್ಕೆ ಮಾಡುವ ಸ್ವಾತಂತ್ರ್ಯವನ್ನು ಅವರಿಗೇ ಬಿಡಿ.

ನಮ್ಮ ಸಮಾಜದ ಸಂಸ್ಥೆಗಳು ನಾಡಿನುದ್ದಕ್ಕೂ ಕಾನೂನು ಕಾಲೇಜುಗಳನ್ನು ನಡೆಸುತ್ತಿವೆ. ಅವುಗಳ ಆಡಳಿತ ಮಂಡಳಿಗಳೂ ಈ ವಿಷಯವನ್ನು ಯೋಚಿಸಬೇಕು. ಅತಿಥಿ ಉಪನ್ಯಾಸಕರಿಗೂ ಸಂಸ್ಥೆಯ ಇ-ಮೇಲ್ ವಿಳಾಸ ಕೊಡಿಸುವುದು, ಪತ್ರ ಬರೆಯುವ ಕ್ರಮವನ್ನು ಅನುಭವಿಗಳಿಂದ ಒಂದು ದಿನ ಹೇಳಿಸುವುದು, ಅದಕ್ಕೆ ಬೇಕಾದ ಬಿಡುವು ಕೊಡುವುದು ಹೆಚ್ಚಿನ ಖರ್ಚಿನ ಮಾತಲ್ಲ. ಶಿಷ್ಯನೊಬ್ಬನ ಬಗ್ಗೆ ಯೋಚಿಸಿ ಬರೆದ ಒಂದು ಪುಟವೂ ಕಾಯಕವೇ. ಅದಕ್ಕೆ ಸಂಬಳದ ಲೆಕ್ಕವಿಲ್ಲ, ಆದರೆ ಅದರಿಂದ ಒಂದು ಮನೆಯ ಬಾಗಿಲು ಜಗತ್ತಿಗೆ ತೆರೆಯಬಹುದು. ಹೊರಗೆ ಹೋಗಿ ಕಲಿತ ಮಕ್ಕಳು ನಾಳೆ ನ್ಯಾಯಾಲಯದಲ್ಲಿ ನಿಲ್ಲುವರು, ಪಾಠ ಹೇಳುವರು, ತಾವೂ ಇತರರಿಗಾಗಿ ಇಂಥ ಪತ್ರಗಳನ್ನು ಬರೆಯುವರು. ಆಗ ಅವರು ಕಂಡದ್ದನ್ನು ಕಂಡಂತೆ ಬರೆಯುವವರಾಗಲಿ ಎಂದು ಗುರು ಬಸವಣ್ಣನವರಲ್ಲಿ ಪ್ರಾರ್ಥಿಸುತ್ತೇವೆ.